ಎದೆಮಟ್ಟದ ಮನೆ

ಮೊದಲ ಸಲ ನೋಡಿದಾಗ ಆ ಮನೆ ನನ್ನ ಮೊಣಕಾಲಿಗಿಂತ ಒಂದು ಗೇಣು ಮೇಲಿತ್ತು. ದಲ್ಲಾಳಿ ಗುರುಪಾದ ಗೋಡೆ ದಾಟಿ ಒಳಗೆ ನಿಂತು, “ಬನ್ನಿ ಮೇಡಂ, ಇದು ಹಾಲ್ ಆಗೋ ಲಕ್ಷಣ ಇದೆ” ಎಂದು ಕರೆದ. ನಾನು ಸೀರೆಯ ನೆರಿಗೆ ಎತ್ತಿ ಹಿಡಿದು ದಾಟಿದೆ. ನನ್ನ ಗಂಡ ಹಾಲೇಶ ಮಾತ್ರ ದಾಟಲಿಲ್ಲ. ಬಾಗಿಲಿನ ಜಾಗ ಹುಡುಕುತ್ತ ಮನೆಗೆ ಒಂದು ಸುತ್ತು ಬಂದರು. ಪೂರ್ವದ ಕಡೆ ಗೋಡೆ ಮೂರಡಿ ಬಿಟ್ಟುಕೊಂಡು ಬೆಳೆದಿತ್ತು. ಅಲ್ಲಿ ಇಲ್ಲದ ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದರು. ಅವರು ಎತ್ತರದ ಮನುಷ್ಯ. ಬಾಡಿಗೆ ಮನೆಗಳು ಅವರಿಗೆ ಅದೊಂದು ಅಭ್ಯಾಸ ಮಾಡಿಸಿಬಿಟ್ಟಿದ್ದವು.

ನಮ್ಮ ಊರಿನ ಹಳೇ ಪೇಟೆ ತುಂಬಿ ಎಷ್ಟೋ ವರ್ಷಗಳಾಗಿವೆ. ಹೊಸ ಮನೆ ಬೇಕೆಂದವರು ಇಟ್ಟಿಗೆ ಗೂಡಿನ ಆಚೆಯ ಬಯಲಿಗೇ ಹೋಗಬೇಕು. ಅಲ್ಲಿ ಮೊದಲು ಚರಂಡಿ ಕಾಣಿಸಿಕೊಳ್ಳುತ್ತದೆ, ಆಮೇಲೆ ರಸ್ತೆ, ಆಮೇಲೆ ರಸ್ತೆಯ ಎರಡೂ ಬದಿಗೆ ಮನೆಗಳು ನೆಲದಿಂದ ಏಳುತ್ತವೆ. ಕೆಲವು ಮೂರು ತಿಂಗಳಲ್ಲಿ ಬೆಳೆದು ನಿಲ್ಲುತ್ತವೆ, ಕೆಲವು ವರ್ಷ ತೆಗೆದುಕೊಳ್ಳುತ್ತವೆ. ಎಷ್ಟು ಕೋಣೆ ಬರುತ್ತದೆ, ಕಿಟಕಿ ಎಲ್ಲಿ ಬೀಳುತ್ತದೆ ಎಂದು ಯಾರೂ ಹೇಳಲಾರರು. ಎರಡನೇ ಅಡ್ಡರಸ್ತೆಯ ಒಂದು ಮನೆಗೆ ಬರೀ ಬಚ್ಚಲುಮನೆಗಳೇ ಐದು ಬಂದವು. ಕೊಂಡವರು ಒಂದರಲ್ಲಿ ಅಡುಗೆ ಮಾಡುತ್ತಾರೆ, ಒಂದರಲ್ಲಿ ಮಲಗುತ್ತಾರೆ, ಒಂದರಲ್ಲಿ ಮಕ್ಕಳನ್ನು ಓದಲು ಕೂರಿಸುತ್ತಾರೆ. ಆ ಮಕ್ಕಳು ಲೆಕ್ಕದಲ್ಲಿ ಬಹಳ ಮುಂದಿದ್ದಾರಂತೆ.

ನಿಯಮ ಒಂದೇ. ಗೋಡೆಗಳ ಮೇಲೆ ಮಾಡು ಕೂಡುವ ಮೊದಲು ಕೊಳ್ಳುವವರ ಸಹಿ ಬೀಳಬೇಕು. ಸಹಿ ಇಲ್ಲದೆ ಮಾಡು ಕೂಡಿದರೆ ಮನೆ ಪುರಸಭೆಗೆ ಸೇರುತ್ತದೆ. ಹೀಗೆ ಪುರಸಭೆಗೆ ಬಂದ ಮನೆಗಳು ಆಗಲೇ ಹತ್ತೊಂಬತ್ತು. ಏನು ಮಾಡಬೇಕೆಂದು ತಿಳಿಯದೆ ಅವರು ಪ್ರತಿಯೊಂದರಲ್ಲೂ ಒಂದು ಶಾಖೆ ತೆರೆದು ಒಬ್ಬೊಬ್ಬ ಗುಮಾಸ್ತರನ್ನು ಕೂರಿಸಿದ್ದರು. ಆ ಗುಮಾಸ್ತರು ಬೇರೆ ಕೆಲಸವಿಲ್ಲದೆ ಒಬ್ಬರಿಗೊಬ್ಬರು ನೋಟೀಸು ಕಳಿಸಿಕೊಳ್ಳುತ್ತಿದ್ದರು.

ನಾನು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಹಾಲೇಶ ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾರೆ. ನಮಗೆ ಮದುವೆಯಾಗಿ ಹದಿನಾರು ವರ್ಷ, ಮಕ್ಕಳಿಲ್ಲ, ಈ ಹದಿನಾರು ವರ್ಷದಲ್ಲಿ ಹನ್ನೊಂದು ಬಾಡಿಗೆ ಮನೆ ಕಂಡಿದ್ದೇವೆ. ಎಲ್ಲ ಕಡೆಯೂ ಒಂದೇ ಕಥೆ. ಮೊದಲ ತಿಂಗಳು ಮಾಲೀಕರು ಬಾಗಿಲ ಬಳಿ ನಿಂತು ಕೇಳಿ, ಎಷ್ಟು ಚೆನ್ನಾಗಿ ನುಡಿಸ್ತೀರಿ ಎನ್ನುತ್ತಾರೆ. ನಾಲ್ಕನೇ ತಿಂಗಳಿಗೆ ಅವರ ಅತ್ತೆಗೆ ತಲೆನೋವು ಶುರುವಾಗುತ್ತದೆ. ಎರಡು ವರ್ಷ ತುಂಬುವುದರೊಳಗೆ ನಾವು ಪಾತ್ರೆ ಕಟ್ಟುತ್ತಿರುತ್ತೇವೆ. ಮನೆ ಹುಡುಕುವುದು, ಸಾಮಾನು ಸಾಗಿಸುವುದು, ಹೊಸ ಅಂಗಡಿಯವನ ಪರಿಚಯ ಮಾಡಿಕೊಳ್ಳುವುದು ಎಲ್ಲವೂ ನನ್ನ ಪಾಲು. ಎಲ್ಲ ಮನೆಗಳನ್ನೂ ಮರೆತಿದ್ದೇನೆ, ಎಣ್ಣೆ ಗಾಣದ ಪಕ್ಕದ ಆರನೆಯದನ್ನು ಬಿಟ್ಟು. ಅಲ್ಲಿ ಹಿತ್ತಲಲ್ಲಿ ಒಂದು ಸೀಬೆಮರವಿತ್ತು. ಅದನ್ನು ಬಿಟ್ಟು ಬರುವ ದಿನ ನಾನು ಸಾಮಾನಿನ ಗಾಡಿಯಲ್ಲಿ ಕುಳಿತು ಅತ್ತಿದ್ದೆ. ಈಗ ಹನ್ನೊಂದನೆಯ ಮಾಲೀಕರೂ ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದರು. ಸಾಕಾಗಿತ್ತು. ನಮ್ಮದು ಅಂತ ಒಂದು ಇರಲಿ, ಹೇಗಾದರೂ ಬೆಳೆಯಲಿ ಎಂದು ಗುರುಪಾದನನ್ನು ಹುಡುಕಿಕೊಂಡು ಹೋಗಿದ್ದೆ.

ದಿನಾ ಸಂಜೆ ಆಸ್ಪತ್ರೆ ಮುಗಿಸಿ ಮನೆ ನೋಡಲು ಹೋಗುತ್ತಿದ್ದೆ. ಒಂದು ವಾರಕ್ಕೆ ಅದು ಸೊಂಟದವರೆಗೆ ಬಂತು. ಕೊಳ್ಳುವ ಮೊದಲು ಅಕ್ಕಪಕ್ಕದವರು ಹೇಗೆ ಎಂದು ತಿಳಿಯಬೇಕಲ್ಲ. ಎಡಗಡೆಯ ಮನೆ ನಿವೃತ್ತ ಪೋಸ್ಟ್‌ಮಾಸ್ಟರ್ ಚನ್ನಕೇಶವಯ್ಯನವರದು. ಅದು ಅಗಲಕ್ಕೆ ಬೆಳೆಯದೆ ಒಂದರ ಮೇಲೊಂದು ಮೂರು ಕೋಣೆಯಾಗಿ ಮೇಲಕ್ಕೇ ಹೋಗಿತ್ತು, ಮೆಟ್ಟಿಲು ಬಂದಿರಲಿಲ್ಲ. ಅವರು ಬಿದಿರಿನ ಏಣಿ ಇಟ್ಟುಕೊಂಡು ಹತ್ತಿ, ಹತ್ತಿದ ಮೇಲೆ ಅದನ್ನು ಹಗ್ಗದಲ್ಲಿ ಎಳೆದುಕೊಳ್ಳುತ್ತಿದ್ದರು.

“ಇಲ್ಲಿ ಹೇಗಿದೆ ಸಾರ್, ಏರಿಯಾ?” ಎಂದು ನಾನು ಕೆಳಗಿಂದ ಕೂಗಿ ಕೇಳಿದೆ.

“ಮೇಲಿಂದ ನೋಡಿದ್ರೆ ಬಹಳ ಚೆನ್ನಾಗಿದೆ,” ಎಂದು ಅವರು ಮೂರನೇ ಅಂತಸ್ತಿನ ಕಿಟಕಿಯಿಂದ ಹೇಳಿದರು. “ಕೆಳಗಿಂದು ನನಗೆ ಅಷ್ಟು ಗೊತ್ತಿಲ್ಲಮ್ಮ.”

ಬಲಗಡೆಯದು ಖೈರಾಬಿಯ ಮನೆ. ಅದು ಭುಜದ ಎತ್ತರಕ್ಕೆ ಬಂದು ನಿಂತುಬಿಟ್ಟಿತ್ತು. ಅವಳ ತಮ್ಮ ಉತ್ಸಾಹದಲ್ಲಿ ಒಂದು ಕಿಟಕಿಯನ್ನು ಉಳಿಯಿಂದ ಸ್ವಲ್ಪ ದೊಡ್ಡದು ಮಾಡಲು ಹೋದನಂತೆ. ಬೆಳೆಯುವ ಗೋಡೆಗೆ ಉಳಿ ತಾಗಿದರೆ ಅಲ್ಲಿಗೆ ಮುಗಿಯಿತು, ಮತ್ತೆ ಒಂದು ಬೆರಳೂ ಏಳುವುದಿಲ್ಲ; ಬೆಳೆದು ಮುಗಿದ ಗೋಡೆಗೆ ಉಳಿ ನಾಟುವುದೇ ಇಲ್ಲ. ಖೈರಾಬಿ ಮೇಲೆ ತಗಡು ಹೊದಿಸಿ ಹಾಗೇ ಇದ್ದಳು. ಒಳಗೆ ಎಲ್ಲರೂ ಕುಳಿತೇ ಓಡಾಡಬೇಕು. ದಿನಕ್ಕೆ ಮೂರು ಸಲ ಚಹಾ ಕಾಯಿಸುತ್ತಿದ್ದಳು. ಬಂದವರು ನಿಲ್ಲಲಾರದೆ ಕೂತೇ ಬಿಡುತ್ತಿದ್ದರಿಂದ ಆ ರಸ್ತೆಯಲ್ಲಿ ಅತಿ ಹೆಚ್ಚು ನೆಂಟರು ಅವಳಿಗೇ ಇದ್ದರು.

“ತಗೊಳಕ್ಕ,” ಎಂದಳು. “ನೀರು ದಿನ ಬಿಟ್ಟು ದಿನ ಬರುತ್ತೆ. ಕರೆಂಟ್ ಕಂಬ ಇನ್ನೂ ಚಿಕ್ಕವು, ಬೆಳೀತವೆ. ಜನ ಒಳ್ಳೇವ್ರು. ನಿನ್ನ ಯಜಮಾನ್ರು ಏನಂತಾರೆ?”

ಯಜಮಾನರು ಏನೂ ಅನ್ನುತ್ತಿರಲಿಲ್ಲ. “ಇನ್ನೊಂದು ವಾರ ನೋಡೋಣ,” ಎನ್ನುತ್ತಿದ್ದರು. ಗೋಡೆ ಸೊಂಟ ದಾಟಿದಾಗಲೂ ಅದೇ, ಹೊಟ್ಟೆ ದಾಟಿದಾಗಲೂ ಅದೇ. ಕ್ರಯದ ಕಾಗದದಲ್ಲಿ ಇಬ್ಬರ ಹೆಸರೂ ಬರೆಸಿದ್ದೆ. ಅವರು ಅದನ್ನು ಮುಟ್ಟಿಯೂ ನೋಡಿರಲಿಲ್ಲ.

ಮನೆ ಎದೆಮಟ್ಟಕ್ಕೆ ಬಂದಾಗ ಒಂದು ವಿಷಯ ಸ್ಪಷ್ಟವಾಯಿತು. ಹಾಲ್ ಇತ್ತು, ಅದರ ಪಕ್ಕ ಅಡುಗೆಮನೆಯಂಥದ್ದು ಇತ್ತು, ಹಿಂದೆ ಒಂದು ಕೋಣೆ ಇತ್ತು. ನಡುವೆ ಇನ್ನೊಂದು ಕೋಣೆ. ಆ ನಡುವಿನ ಕೋಣೆಗೆ ಬಾಗಿಲಿರಲಿಲ್ಲ. ಕಿಟಕಿಯೂ ಇರಲಿಲ್ಲ. ನಾಲ್ಕು ಗೋಡೆಗಳೂ ಎಲ್ಲೂ ಬಿಡದೆ ಒಂದೇ ಸಮ ಏಳುತ್ತಿದ್ದವು. ಗುರುಪಾದ ಟೇಪು ಹಿಡಿದು ಸುತ್ತಲೂ ಅಳೆದು, ತಲೆ ಕೆರೆದುಕೊಂಡ.

“ಸ್ಟೋರ್ ರೂಮ್ ಅಂದ್ಕೊಳ್ಳಿ ಮೇಡಂ.”

“ಸ್ಟೋರ್ ರೂಮಿಗೆ ಸಾಮಾನು ಹೇಗಯ್ಯ ಇಡೋದು?”

“ಈಗ್ಲೇ ಇಟ್ಬಿಡಿ. ಗೋಡೆ ಇನ್ನೂ ಗಿಡ್ಡ ಇದೆ.”

“ತೆಗೆಯೋದು?”

“ತೆಗೆಯೋದು ಬೇಡದೆ ಇರೋವಂಥದ್ದು ಇಡಿ,” ಎಂದ. ಅವನು ಎಷ್ಟು ಗಂಭೀರವಾಗಿ ಹೇಳಿದನೆಂದರೆ ನಾನು ಒಂದು ಕ್ಷಣ ನಮ್ಮ ಮನೆಯಲ್ಲಿ ಅಂಥದ್ದು ಏನಿದೆ ಎಂದು ಯೋಚಿಸಿದೆ. ಅತ್ತೆಯವರು ಕೊಟ್ಟ ಹಿತ್ತಾಳೆ ಕೊಪ್ಪರಿಗೆ ನೆನಪಾಯಿತು.

ಹಾಲೇಶ ಮಾತ್ರ ಆ ಕೋಣೆಯನ್ನು ಕಂಡು ಮೊದಲ ಬಾರಿಗೆ ಮುಖ ಅರಳಿಸಿದರು. ಗೋಡೆ ಹತ್ತಿ ಒಳಗೆ ಹಾರಿ, ನಡುವೆ ಕುಳಿತು ಕ್ಲಾರಿನೆಟ್ ಜೋಡಿಸಿದರು. ಗಾಳಿ ತಡೆಯುತ್ತಿದ್ದುದರಿಂದ ಒಳಗೆ ಧ್ವನಿ ನಿಲ್ಲುತ್ತಿತ್ತು. ಅಂದಿನಿಂದ ಅವರೂ ದಿನಾ ಬರತೊಡಗಿದರು. ನಾನು ಹಾಲ್‌ನಲ್ಲಿ ನಿಂತು ಸ್ಟೌ ಎಲ್ಲಿಡುವುದು, ಮಂಚ ಎಲ್ಲಿಡುವುದು ಎಂದು ಹೆಜ್ಜೆ ಎಣಿಸುತ್ತಿದ್ದರೆ ಗೋಡೆಯ ಆಚೆ ಅವರ ತಲೆ ಮಾತ್ರ ಕಾಣುತ್ತಿತ್ತು, ಆಮೇಲೆ ಕೂದಲು ಮಾತ್ರ, ಆಮೇಲೆ ಅದೂ ಇಲ್ಲ.

“ಕೊಳ್ಳೋಣವಾ?” ಎಂದು ಗೋಡೆಯಾಚೆಗೆ ಕೇಳುತ್ತಿದ್ದೆ.

“ಇನ್ನೊಂದು ವಾರ,” ಎಂದು ಉತ್ತರ ಬರುತ್ತಿತ್ತು.

ಆ ಶುಕ್ರವಾರ ರಾತ್ರಿಯಿಡೀ ಮಳೆ ಹೊಡೆಯಿತು. ಶನಿವಾರ ಬೆಳಿಗ್ಗೆ ನಾನು ಆಸ್ಪತ್ರೆಯಲ್ಲಿ ಒಂದು ಎಮ್ಮೆಯ ದವಡೆ ಹಿಡಿದು ಔಷಧಿ ಕುಡಿಸುತ್ತಿದ್ದಾಗ ಗುರುಪಾದ ಸೈಕಲ್ ಎಸೆದು ಓಡಿ ಬಂದ.

“ಮೇಡಂ, ಮಳೆಗೆ ನಾಲ್ಕಡಿ ಎದ್ದುಬಿಟ್ಟಿದೆ! ಮಾಡು ಕೂಡೋಕೆ ಶುರುವಾಗಿದೆ!”

“ಕಾಗದ ಎಲ್ಲಿದೆ?”

“ಕಾಗದ ಇಲ್ಲೇ ಇದೆ. ಯಜಮಾನರು ಒಳಗಿದಾರೆ.”

“ಯಾವುದರ ಒಳಗೆ?”

ಅವನು ಎಮ್ಮೆಯ ಮುಖ ನೋಡಿದ, ನನ್ನ ಮುಖ ನೋಡಲಿಲ್ಲ. ಬೆಳಗಿನ ಜಾವ ಮಳೆ ನಿಂತಾಗ, ಗೋಡೆ ಇನ್ನೂ ಹತ್ತುವ ಹಾಗಿದ್ದಾಗಲೇ ಹಾಲೇಶ ಅಭ್ಯಾಸಕ್ಕೆಂದು ಒಳಗೆ ಇಳಿದಿದ್ದರಂತೆ. ನುಡಿಸುತ್ತ ಕಣ್ಣು ಮುಚ್ಚಿದ್ದಾರೆ. ಕಣ್ಣು ಬಿಡುವಷ್ಟರಲ್ಲಿ ಗೋಡೆ ಕೈಗೆ ಎಟುಕುತ್ತಿರಲಿಲ್ಲ.

ನಾನು ಹೋಗುವಾಗ ಖೈರಾಬಿ ಹೊರಗೆ ನಿಂತಿದ್ದಳು. ಒಳಗಿಂದ ಕ್ಲಾರಿನೆಟ್ ಕೇಳುತ್ತಿತ್ತು, ಬಾವಿಯೊಳಗಿಂದ ಬಂದ ಹಾಗೆ. ಉಳಿ ತಾಗಿಸಿದರೆ ಮನೆ ಅಲ್ಲಿಗೇ ನಿಲ್ಲುತ್ತದೆ, ಏಣಿ ಇದ್ದದ್ದು ಒಬ್ಬರ ಬಳಿ ಮಾತ್ರ.

“ಚನ್ನಕೇಶವಯ್ಯನೋರೇ, ಏಣಿ ಇಳಿಸಿ!” ಎಂದು ಕೂಗಿದೆ.

“ಪೇಪರ್ ಎರಡನೇ ಪುಟದಲ್ಲಿದೀನಮ್ಮ.”

“ನನ್ನ ಗಂಡ ಒಳಗೆ ಸಿಕ್ಕಿಹಾಕ್ಕೊಂಡಿದಾರೆ!”

“ಕಾಣ್ತಿದೆ, ಮೇಲಿಂದ ಕಾಣ್ತಿದೆ. ಆರಾಮಾಗಿದಾರೆ.” ಆದರೂ ಅವರು ಒಳ್ಳೆಯವರು, ಪೇಪರ್ ಮಡಿಚಿ ಏಣಿಯನ್ನು ಹಗ್ಗದಲ್ಲಿ ಇಳಿಸಿಕೊಟ್ಟರು. “ಬೇಗ ವಾಪಸ್ ಕೊಡಿ, ಊಟಕ್ಕೆ ಇಳೀಬೇಕು,” ಎಂದರು.

ಹಾಲ್, ಅಡುಗೆಮನೆ, ಹಿಂದಿನ ಕೋಣೆಗಳ ಮೇಲೆ ಮಾಡು ಆಗಲೇ ಗಟ್ಟಿಯಾಗಿ ಕೂಡಿತ್ತು. ಏಣಿ ಹತ್ತಿ ಅದರ ಮೇಲೆ ನಡೆದು ನಡುವಿನ ಕೋಣೆಯ ಅಂಚಿಗೆ ಹೋದೆ. ಅಲ್ಲಿ ಮಾತ್ರ ಇನ್ನೂ ತೆರವಿತ್ತು. ಹಾಲಿನ ಮೇಲೆ ಕೆನೆ ಕಟ್ಟುವ ಹಾಗೆ ನಾಲ್ಕೂ ಕಡೆಯಿಂದ ಮಾಡು ಒಳಕ್ಕೆ ಬರುತ್ತಿತ್ತು. ಒಂದು ಮಂಚ ಇಳಿಸುವಷ್ಟು ಜಾಗ ಉಳಿದಿತ್ತು. ಅದರ ಕೆಳಗೆ ಹಾಲೇಶ ನೆಲದ ಮೇಲೆ ಕಾಲು ಮಡಚಿ ಕುಳಿತಿದ್ದರು.

“ಅನಸೂಯಾ, ಇದನ್ನ ಕೇಳು,” ಎಂದು ಒಂದು ಸ್ವರ ಹಿಡಿದರು. ನಿಜ ಹೇಳಬೇಕು, ಅಷ್ಟು ದುಂಡಗಿನ ಸ್ವರವನ್ನು ನಾನು ಹದಿನಾರು ವರ್ಷದಲ್ಲಿ ಕೇಳಿರಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು.

“ಕೇಳ್ದೆ. ಈಗ ನೀವು ನನ್ನ ಮಾತು ಕೇಳಿ. ಕೊಳ್ಳೋದೋ ಬೇಡ್ವೋ? ಮಾಡು ಕೂಡ್ತಿದೆ.”

“ನೀನೇ ಹೇಳು.”

“ಹನ್ನೊಂದು ಮನೆಗೂ ನಾನೇ ಹೇಳಿದೀನಿ. ಇದಕ್ಕೆ ನೀವು ಹೇಳಿ.”

ಅವರು ಕ್ಲಾರಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮಾಡು ಎರಡು ಬೆರಳು ಮುಂದೆ ಬಂತು.

“ಕೊಂಡ್ಮೇಲೆ ಬಿಡೋಕಾಗಲ್ಲವಲ್ಲ,” ಎಂದರು.

“ಯಾಕೆ ಬಿಡಬೇಕು?”

“ಆರನೇ ಮನೆ ಇತ್ತಲ್ಲ. ಗಾಣದ ಪಕ್ಕದ್ದು.”

“ಹೂಂ.”

“ಮಾಲೀಕರು ನಮ್ಮನ್ನ ಬಿಡಿಸಲಿಲ್ಲ ಅನಸೂಯಾ. ನಾನೇ ಹೋಗಿ ಕೇಳ್ಕೊಂಡೆ, ನೀವೇ ಬಿಡಿಸಿದ ಹಾಗೆ ಹೇಳಿ ಅಂತ.”

ಕೆಳಗೆ ರಸ್ತೆಯಲ್ಲಿ ಖೈರಾಬಿ “ಯಾ ಅಲ್ಲಾ” ಎಂದದ್ದು ಕೇಳಿಸಿತು.

“ಬೆಳಿಗ್ಗೆ ಎದ್ರೆ ಅದೇ ಮರ,” ಎಂದರು. “ನಾಳೆ ಎದ್ರೂ ಅದೇ ಮರ. ಹತ್ತು ವರ್ಷ ಆದ್ಮೇಲೂ ಅದೇ. ಎದೆ ಹಿಡಿದ ಹಾಗಾಗ್ತಿತ್ತು. ನಿನ್ಹತ್ರ ಹೇಗೆ ಹೇಳೋದು? ನೀನು ಅದಕ್ಕೆ ನೀರು ಹಾಕ್ತಿದ್ದೆ.”

“ಬೇರೆ ಯಾವ್ದು?”

“ಎಂಟು. ಒಂಬತ್ತು.”

“ಹತ್ತು?”

“ಹತ್ತು ಇಲ್ಲ. ಹತ್ತನೇದು, ಹನ್ನೊಂದನೇದು ಅವರೇ ಬಿಡಿಸಿದ್ದು. ನನ್ನ ನುಡಿಸಾಣಿಕೆ ಚೆನ್ನಾಗಿಲ್ಲ ಅಂತಲೂ ಅಂದ್ರು,” ಎಂದರು. ಅದರ ನೋವು ಅವರ ದನಿಯಲ್ಲಿ ಬೇರೆಯಾಗಿಯೇ ಕೇಳಿತು.

ನಾನು ಎದ್ದು ಮಾಡಿನ ಮೇಲೆ ನಡೆದು ಏಣಿ ಇಳಿದೆ. ಗುರುಪಾದನಿಗೆ ಬೆನ್ನು ತಿರುಗಿಸು ಎಂದು ಹೇಳಿ ಅವನ ಬೆನ್ನಿನ ಮೇಲೆ ಕಾಗದ ಇಟ್ಟೆ.

“ಇಬ್ಬರ ಹೆಸರಿದೆ ಮೇಡಂ,” ಎಂದು ಅವನು ಗೋಡೆಗೆ ಹೇಳಿದ.

“ಒಂದು ಹೊಡೆದುಹಾಕ್ತೀನಿ.” ಹಾಲೇಶನ ಹೆಸರಿನ ಮೇಲೆ ಗೆರೆ ಎಳೆದು, ನನ್ನ ಹೆಸರಿನ ಮುಂದೆ ಸಹಿ ಹಾಕಿದೆ. ಇಷ್ಟು ದಿನ ಕೊಳ್ಳುವುದೋ ಬೇಡವೋ ಎಂದು ನಾನೂ ಒಳಗೊಳಗೇ ತೂಗುತ್ತಿದ್ದೆ. ನೀರು ದಿನ ಬಿಟ್ಟು ದಿನ, ಕಂಬ ಚಿಕ್ಕವು, ಕೋಣೆಗೆ ಬಾಗಿಲಿಲ್ಲ. ಆ ಗೆರೆ ಎಳೆದಾಗ ಅದೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಗುರುಪಾದ ಕಾಗದ ಹಿಡಿದು ಪುರಸಭೆಗೆ ಸೈಕಲ್ ತುಳಿದ. ನಾನು ಖೈರಾಬಿಯ ಮನೆಯೊಳಗೆ ಬಗ್ಗಿ ಹೋಗಿ ಕುಳಿತೆ.

ಅವಳು ಚಹಾ ಕೊಟ್ಟಳು. “ಕುಡಿ. ಎಲ್ಲಿ ಹೋಗ್ತಾರೆ? ಬಾಗಿಲೇ ಇಲ್ಲ.”

ಕುಡಿಯುತ್ತಿದ್ದೆ. ಗೋಡೆಯಾಚೆ ಕ್ಲಾರಿನೆಟ್ ನಿಂತಿತು.

“ಅಕ್ಕ, ನಿನ್ನ ಸಿಟ್ಟು ಸರಿ,” ಎಂದಳು ಖೈರಾಬಿ. “ಆದ್ರೆ ಆ ಮಾಡು ಕೂಡಿಬಿಟ್ರೆ ಈ ಸಿಟ್ಟನ್ನ ಯಾರ ಮುಂದೆ ತೀರಿಸ್ಕೊಳ್ತೀಯ?”

ಲೋಟ ಕೆಳಗಿಟ್ಟು ಓಡಿದೆ. ಏಣಿ ಹತ್ತಿ, ಅದನ್ನು ಮೇಲಕ್ಕೆ ಎಳೆದುಕೊಂಡು ಕೋಣೆಯೊಳಕ್ಕೆ ಇಳಿಬಿಟ್ಟೆ. ತೆರವು ಈಗ ಒಂದು ಮೊರದಷ್ಟಾಗಿತ್ತು. ಮೊದಲು ಕ್ಲಾರಿನೆಟ್ ಬಂತು. ಆಮೇಲೆ ತಲೆ ಬಂತು. ಭುಜ ಬರಲಿಲ್ಲ.

“ಸಿಕ್ಕೊಂಡೆ,” ಎಂದರು ಹಾಲೇಶ.

“ಉಸಿರು ಬಿಡಿ. ಬಲಗೈ ಮುಂದೆ ಚಾಚಿ. ಎಡಗೈ ಮೈಗೆ ಅಂಟಿಸ್ಕೊಳ್ಳಿ. ಓರೆ ತಿರುಗಿ.” ಆಸ್ಪತ್ರೆಯ ಇಪ್ಪತ್ತು ವರ್ಷದಲ್ಲಿ ನಾನು ಹುಟ್ಟುವಾಗ ಅಡ್ಡ ಸಿಕ್ಕಿದ ಕರುಗಳನ್ನು ಎಷ್ಟೋ ಎಳೆದಿದ್ದೇನೆ. ಅವರ ಬಲಗೈ ಮಣಿಕಟ್ಟಿಗೆ ನನ್ನ ಸೆರಗು ಸುತ್ತಿ, ಕಾಲು ಊರಿ, ಅವರು ಉಸಿರು ಬಿಟ್ಟಾಗಲೆಲ್ಲ ಎಳೆದೆ. ಮೂರನೆಯ ಎಳೆತಕ್ಕೆ ಭುಜ ಹೊರಬಂತು, ಅಂಗಿ ಒಳಗೇ ಉಳಿಯಿತು. ಇಬ್ಬರೂ ಮಾಡಿನ ಮೇಲೆ ಬಿದ್ದೆವು. ತಿರುಗಿ ನೋಡುವಷ್ಟರಲ್ಲಿ ತೆರವು ಮುಷ್ಟಿಯಷ್ಟಾಗಿ, ನಾಣ್ಯದಷ್ಟಾಗಿ, ಮುಚ್ಚಿಕೊಂಡಿತು. ಏಣಿ ಒಳಗೇ ಇತ್ತು.

“ನನ್ನ ಏಣಿ!” ಎಂದು ಚನ್ನಕೇಶವಯ್ಯ ಮೂರನೇ ಅಂತಸ್ತಿನಿಂದ ಕೂಗಿದರು.

ಅವರಿಗೆ ಇಳಿಯಲು ದಾರಿಯಿಲ್ಲ, ನಮಗೂ ಇಲ್ಲ. ಗುರುಪಾದ ಬರುವವರೆಗೆ ಕಾಯಬೇಕು, ಅವನು ಬಂದ ಮೇಲೆ ಪೇಟೆಗೆ ಹೋಗಿ ಇನ್ನೊಂದು ಏಣಿ ತರಬೇಕು. ಖೈರಾಬಿ ಕೋಲಿನ ತುದಿಗೆ ಬುಟ್ಟಿ ಕಟ್ಟಿ ನಮಗೆ ರೊಟ್ಟಿ ಕೊಟ್ಟಳು. ಪೋಸ್ಟ್‌ಮಾಸ್ಟರ್‌ಗೆ ಕೋಲು ಎಟುಕಲಿಲ್ಲ. ಅವರ ಪಾಲನ್ನು ನಾನು ಎಸೆದೆ, ಅವರು ಎರಡನೆಯ ಸಲಕ್ಕೆ ಹಿಡಿದರು.

ಹಾಲೇಶ ಬನಿಯನ್ನಿನಲ್ಲಿ ಮಂಡಿ ತಬ್ಬಿಕೊಂಡು ಕುಳಿತಿದ್ದರು. ಬಯಲಿನಲ್ಲಿ ಮಳೆಗೆ ಹೊಸದೊಂದು ರಸ್ತೆ ಏಳುತ್ತಿದ್ದುದು ಕಾಣುತ್ತಿತ್ತು.

“ಮನೆ ಈಗ ನಿನ್ನದಾ?” ಎಂದು ಕೊನೆಗೆ ಕೇಳಿದರು.

“ನನ್ನದು.”

“ನಾನು ಇರಬಹುದಾ?”

“ಗೊತ್ತಿಲ್ಲ,” ಎಂದೆ. ನಿಜವಾಗಿಯೂ ಗೊತ್ತಿರಲಿಲ್ಲ. “ನೀವು ಹೋಗಬೇಕು ಅಂದಿದ್ರೆ ನಾನು ತಡೀತಿದ್ದೆನೋ ಇಲ್ವೋ. ಆದ್ರೆ ನನ್ನ ಮುಂದೆ ಹೇಳಬೇಕಿತ್ತು. ಊರವರ ಬಾಯಲ್ಲಿ ಹೇಳಿಸಿ, ನನ್ನ ಕೈಲಿ ಪಾತ್ರೆ ಕಟ್ಟಿಸಿದ್ರಲ್ಲ.”

ಅವರು ತಲೆ ಎತ್ತಲಿಲ್ಲ. “ತಪ್ಪಾಯ್ತು,” ಎಂದರು. ಮೊದಲ ಸಲ ಕೇಳಿದ್ದರಿಂದ ಆ ಮಾತು ನನಗೆ ಪರಕೀಯವಾಗಿ ಕೇಳಿತು.

ಏಣಿ ಬಂದಾಗ ಸಂಜೆಯಾಗಿತ್ತು. ಮರುವಾರವೇ ಅವರು ಬ್ಯಾಂಡಿನ ಜೊತೆ ಮದುವೆಗಳಿಗೆ ಹೊರಟರು, ನಾನು ಒಬ್ಬಳೇ ಹೊಸ ಮನೆಗೆ ಸಾಮಾನು ಸಾಗಿಸಿದೆ. ಒಂದು ತಿಂಗಳು ಒಬ್ಬಳೇ ಇದ್ದೆ. ನೀರು ದಿನ ಬಿಟ್ಟು ದಿನ ಬಂತು. ಕಂಬಗಳು ಮಂಡಿಯಿಂದ ಸೊಂಟಕ್ಕೆ ಬಂದವು. ರಸ್ತೆಯವರೆಲ್ಲ ಸೇರಿ ಪೋಸ್ಟ್‌ಮಾಸ್ಟರ್‌ಗೆ ಹಗ್ಗದ ಏಣಿ ಮಾಡಿಕೊಟ್ಟೆವು, ಅವರು ಅದರ ಮೇಲೆ ಅಲ್ಲಾಡುತ್ತ ಇಳಿಯುವುದನ್ನು ನೋಡಲು ದಿನಾ ಹನ್ನೆರಡೂವರೆಗೆ ನಾಲ್ಕು ಜನ ಸೇರುತ್ತಾರೆ. ಒಬ್ಬಳೇ ಇರುವುದು ನನಗೆ ಕಷ್ಟವಾಗಲಿಲ್ಲ. ಅದನ್ನೂ ಅವರಿಗೆ ಹೇಳಿದೆ, ಹಾಲೇಶ ಚೀಲ ಹಿಡಿದು ಬಂದು ಬಾಗಿಲಲ್ಲಿ ನಿಂತ ದಿನ.

“ಬನ್ನಿ ಒಳಗೆ,” ಎಂದೆ. “ಒಂದೇ ಮಾತು. ಹೋಗಬೇಕು ಅನ್ನಿಸಿದ ದಿನ ನನ್ನ ಹತ್ರ ಹೇಳಬೇಕು. ಬಾಯಿ ಬಿಟ್ಟು.”

“ಹೇಳ್ತೀನಿ,” ಎಂದರು.

ನಾಲ್ಕು ತಿಂಗಳು ಏನೂ ಹೇಳಲಿಲ್ಲ. ಬೆಳಿಗ್ಗೆ ಹಾಲ್‌ನಲ್ಲಿ ಕುಳಿತು ನುಡಿಸುತ್ತಿದ್ದರು. ಕಳೆದ ಮಂಗಳವಾರ ನಾನು ದೋಸೆ ಹಿಟ್ಟು ರುಬ್ಬುತ್ತಿದ್ದೆ. ಅವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಚೀಲ ಹಿಡಿದು ಅಡುಗೆಮನೆಗೆ ಬಂದು ನಿಂತರು. ಮುಖ ಬೆವರುತ್ತಿತ್ತು.

“ಅನಸೂಯಾ, ಇವತ್ತು ಹೋಗಬೇಕು ಅನ್ನಿಸ್ತಿದೆ,” ಎಂದರು.

ನನ್ನ ಕೈ ಹಿಟ್ಟಿನಲ್ಲೇ ನಿಂತಿತು. “ಎಲ್ಲಿಗೆ?”

“ಗೊತ್ತಿಲ್ಲ.”

“ಹೋಗಿ,” ಎಂದೆ.

ಚಪ್ಪಲಿ ಮೆಟ್ಟಿ ಹೊರಟರು. ಕಿಟಕಿಯಿಂದ ನೋಡಿದೆ. ಖೈರಾಬಿಯ ಮನೆ ದಾಟಿದರು, ಬಚ್ಚಲುಮನೆಯವರ ತಿರುವಿನಲ್ಲಿ ಮರೆಯಾದರು. ನಾನು ರುಬ್ಬುವುದು ಮುಗಿಸಿದೆ. ಕೈ ತೊಳೆದೆ. ಕಾವಲಿ ಒಲೆಯ ಮೇಲಿಟ್ಟು, ಒಬ್ಬರಿಗೋ ಇಬ್ಬರಿಗೋ ಎಂದು ತಿಳಿಯದೆ ಹಿಟ್ಟಿನ ಪಾತ್ರೆ ಹಿಡಿದು ನಿಂತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಚೀಲ ಇಡುವ ಸದ್ದಾಯಿತು.

ಅವರು ಒಳಗೆ ಬಂದು ನನ್ನ ಮುಖ ನೋಡಿ, ಕಾವಲಿ ನೋಡಿ, ಮಣೆ ಎಳೆದುಕೊಂಡು ಕುಳಿತರು.

“ನಾಳೆ ಹೋಗ್ತೀನಿ,” ಎಂದರು.

“ಸರಿ,” ಎಂದೆ. “ನಾಳೆ ಹೇಳಿ.”